ಬೂಸ್ಟರ್ ಇಲ್ಲದ ಹಗುರ ಗಾಡಿಗೆ ಯಾವ ಮಾಸ್ಟರ್ ಸಿಲಿಂಡರ್?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಸದಸ್ಯರು): ತೋಟದ ಕೆಲಸಕ್ಕೆ ಅಂತ ನಾನು, ತಮ್ಮ ಸೇರಿ ಒಂದು ಕಿಟ್ ಕಾರ್ ಕಟ್ಟುತ್ತಿದ್ದೇವೆ. ಪೈಪ್ ಚಾಸಿ, ಮಾರುತಿ 800ರ ಎಂಜಿನ್, ಅದರದೇ ಮುಂದಿನ ಡಿಸ್ಕ್, ಹಿಂದಿನ ಡ್ರಮ್. ತೂಕ 450 ಕೆಜಿ. ಗುಜರಿಯಲ್ಲಿ ಒಂದು ದೊಡ್ಡ ಕಾರಿನ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ), ಪೆಡಲ್ ಎರಡೂ ಸಿಕ್ಕವು. ಸಿಲಿಂಡರ್ ಮೈಮೇಲೆ 7/8 ಅಂತ ಅಚ್ಚಿದೆ. ತುಳಿತಕ್ಕೆ ಬಲ ಕೂಡಿಸುವ ಬೂಸ್ಟರ್‌ಗೆ ಜಾಗ ಸಾಲಲಿಲ್ಲ, ಬಿಟ್ಟೆವು. ಈಗ ಪೆಡಲ್ ಕಲ್ಲಿನ ಹಾಗಿದೆ. ಇಳಿಜಾರಿನಲ್ಲಿ ಎಷ್ಟು ತುಳಿದರೂ ಗಾಡಿ ಬೇಗ ನಿಲ್ಲುವುದಿಲ್ಲ. ಇನ್ನೂ ದೊಡ್ಡ ಸಿಲಿಂಡರ್ ಹಾಕಿದರೆ ಸರಿಹೋಗುತ್ತಾ?

ಉತ್ತರ (ಬ್ರೇಕ್ ಮೆಕ್ಯಾನಿಕ್, ಶಿವಮೊಗ್ಗ): ದಯವಿಟ್ಟು ಬೇಡ. ಬೋರ್ (ಸಿಲಿಂಡರ್ ಒಳಗಿನ ವ್ಯಾಸ) ದೊಡ್ಡದಾದಷ್ಟೂ ಪೆಡಲ್ ಗಟ್ಟಿ, ಒತ್ತಡ ಕಮ್ಮಿ. ನಿಮಗೆ ಬೇಕಿರುವುದು ಸಣ್ಣದು.

ಲೆಕ್ಕ ನೋಡಿ. ನಿಮ್ಮ ಕಾಲು 30 ಕೆಜಿ ಒತ್ತುತ್ತದೆ ಅಂತಿಟ್ಟುಕೊಳ್ಳಿ. ಬೂಸ್ಟರ್ ಇರುವ ಕಾರಿನ ಪೆಡಲ್ ಅನುಪಾತ (ಪೆಡಲ್ ಕಾಲಿನ ಬಲವನ್ನು ಎಷ್ಟು ಪಟ್ಟು ಮಾಡುತ್ತದೆ ಅನ್ನುವುದು) ಸಾಮಾನ್ಯವಾಗಿ 4ರ ಆಸುಪಾಸು. ಅಂದರೆ ಪಿಸ್ಟನ್‌ಗೆ ಸಿಗುವುದು 120 ಕೆಜಿ. 7/8 ಇಂಚು ಅಂದರೆ 22.2 ಮಿಮೀ ಬೋರ್, ವಿಸ್ತೀರ್ಣ 3.88 ಚದರ ಸೆಂಮೀ. ಭಾಗಿಸಿದರೆ ಒಂದು ಚದರ ಸೆಂಮೀಗೆ 31 ಕೆಜಿ ಒತ್ತಡ, ಅಷ್ಟೇ. ಅದೇ 3/4 ಇಂಚಿನ, ಅಂದರೆ 19 ಮಿಮೀ ಸಿಲಿಂಡರ್ ಹಾಕಿ, ಪೆಡಲ್ ಅನುಪಾತ 6 ಮಾಡಿ. ಪಿಸ್ಟನ್‌ಗೆ 180 ಕೆಜಿ, ವಿಸ್ತೀರ್ಣ 2.85. ಒತ್ತಡ 63! ಅದೇ ಕಾಲು, ಎರಡರಷ್ಟು ಬ್ರೇಕ್.

ಅನುಪಾತ ಅಳೆಯುವುದು ಸುಲಭ. ಪೆಡಲ್‌ನ ಕೀಲಿನಿಂದ ಪಾದ ಇಡುವ ಜಾಗದ ನಡುವಿನವರೆಗೆ ಅಳೆಯಿರಿ. ಆಮೇಲೆ ಕೀಲಿನಿಂದ, ಪಿಸ್ಟನ್ ತಳ್ಳುವ ಪುಶ್‌ರಾಡ್‌ನ ಪಿನ್‌ವರೆಗೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 450 ಕೆಜಿ ಗಾಡಿಗೆ ಬೂಸ್ಟರ್ ಬೇಕಾಗುವುದೇ ಇಲ್ಲ, ಈ ಎರಡು ಸರಿ ಇದ್ದರೆ ಸಾಕು.

ತಗೊಳ್ಳುವಾಗ ಟ್ಯಾಂಡಮ್, ಅಂದರೆ ಎರಡು ಲೈನಿನ ಸಿಲಿಂಡರನ್ನೇ ತಗೊಳ್ಳಿ. ಒಂದು ಲೈನ್ ಸೋರಿದರೂ ಇನ್ನೊಂದು ಹಿಡಿಯುತ್ತದೆ. ನಿಮ್ಮ ಕಡೆಯ ಇಳಿಜಾರಿಗೆ ಸಿಂಗಲ್ ಲೈನ್ ನಂಬಿ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ (ಸಾಗರದ ಇನ್ನೊಬ್ಬರು): ಹಾಗಾದರೆ 5/8 ಇಂಚಿನದು ಇನ್ನೂ ಒಳ್ಳೆಯದಲ್ವಾ?

ಉತ್ತರ: ಒತ್ತಡ ಜಾಸ್ತಿ ಬರುತ್ತದೆ ನಿಜ, ಆದರೆ ಪೆಡಲ್ ಆಳಕ್ಕೆ ಇಳಿಯುತ್ತದೆ. 5 ಸಿಸಿ ಆಯಿಲ್ ತಳ್ಳಬೇಕು ಅಂದರೆ, ಅನುಪಾತ 6 ಇದ್ದಾಗ 19 ಮಿಮೀ ಸಿಲಿಂಡರ್‌ನಲ್ಲಿ ಪೆಡಲ್ ಸುಮಾರು 10 ಸೆಂಮೀ ಇಳಿಯುತ್ತದೆ. 5/8ರಲ್ಲಿ 15 ಸೆಂಮೀ. ಡ್ರಮ್ ಶೂ ಸ್ವಲ್ಪ ಸವೆದರೂ ಪೆಡಲ್ ನೆಲಕ್ಕೆ ತಾಗಿಬಿಡುತ್ತದೆ. ಅದಕ್ಕೇ ಮೊದಲು ಹಿಂದಿನ ಡ್ರಮ್ ಅಡ್ಜಸ್ಟ್ ಮಾಡಿ, ಆಮೇಲೆ ಪೆಡಲ್ ಬಗ್ಗೆ ತೀರ್ಮಾನಕ್ಕೆ ಬನ್ನಿ.

ಪ್ರಶ್ನೆ (ತೀರ್ಥಹಳ್ಳಿ): ಪೆಡಲನ್ನು ನೆಲದಿಂದ ಮೇಲೇಳುವ ಹಾಗೆ ಮಾಡುತ್ತೇವೆ. ಸಿಲಿಂಡರ್ ಕಾಲ ಕೆಳಗೆ ಬರುತ್ತದೆ. ತೊಂದರೆ ಇದೆಯಾ?

ಉತ್ತರ: ಆಯಿಲ್ ಡಬ್ಬಿ, ಡಿಸ್ಕ್ ಹಿಡಿಯುವ ಕ್ಯಾಲಿಪರ್‌ಗಿಂತ ಮೇಲಿರಬೇಕು. ಡಬ್ಬಿಯನ್ನು ಬೇರೆ ಮಾಡಿ, ಹೋಸ್ ಹಾಕಿ ಎತ್ತರದಲ್ಲಿ ಕೂರಿಸಿ. ಆಗದಿದ್ದರೆ ಡಿಸ್ಕ್ ಲೈನಿಗೆ 2 ಪಿಎಸ್‌ಐ, ಡ್ರಮ್ ಲೈನಿಗೆ 10 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ (ಆಯಿಲ್ ವಾಪಸ್ ಇಳಿಯದಂತೆ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್) ಹಾಕಬೇಕಾಗುತ್ತದೆ.

ಪುಶ್‌ರಾಡ್‌ಗೆ 1 ಮಿಮೀಯಷ್ಟು ಸಡಿಲ ಬಿಡುವುದನ್ನು ಮಾತ್ರ ಮರೆಯಬೇಡಿ. ನಾನು ಕೆಲಸ ಕಲಿಯುವಾಗ ಒಂದು ಗಾಡಿಗೆ ರಾಡ್ ಬಿಗಿಯಾಗಿ ಕೂರಿಸಿದ್ದೆ. ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಲಿಲ್ಲ, ಒಳಗಿನ ಸಣ್ಣ ತೂತು ಮುಚ್ಚಿಯೇ ಇತ್ತು. ಬಿಸಿಯಾದ ಆಯಿಲ್ ಡಬ್ಬಿಗೆ ವಾಪಸ್ ಹೋಗಲು ದಾರಿಯಿಲ್ಲ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಮುಂದಿನ ಚಕ್ರ ಹಿಡಿದುಕೊಂಡಿತು. ಮಳೆ ಹನಿ ಡಿಸ್ಕ್ ಮೇಲೆ ಬಿದ್ದು ಚುಂಯ್ ಅನ್ನುತ್ತಿತ್ತು. ಪುಶ್‌ರಾಡ್ ನಟ್ ಅರ್ಧ ಸುತ್ತು ಸಡಿಲ ಮಾಡಿದ ತಕ್ಷಣ ಬಿಟ್ಟುಕೊಂಡಿತು. ಆ ಭಯ ಇವತ್ತಿಗೂ ಹೋಗಿಲ್ಲ.

ಪ್ರಶ್ನೆ (ತೀರ್ಥಹಳ್ಳಿ): ಬ್ರೇಕ್ ಆಯಿಲ್ ಯಾವುದು?

ಉತ್ತರ: ಡಾಟ್ 4. ಹೊಸದಕ್ಕೆ ಕುದಿಬಿಂದು ಕನಿಷ್ಠ 230 ಡಿಗ್ರಿ. ನೀರು ಹೀರಿಕೊಂಡ ಮೇಲೆ ಅದು 155ಕ್ಕೆ ಇಳಿಯಬಹುದು. ನಮ್ಮ ಮಳೆಗಾಲದ ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಹಾಗಾಗಿ ಮುಚ್ಚಳ ತೆರೆದ ಹಳೇ ಬಾಟಲಿಯನ್ನು ಬಳಸಬೇಡಿ. ಸಿಲಿಕೋನ್ ಡಾಟ್ 5 ಇದರ ಜೊತೆ ಬೆರೆಸಲೇಬೇಡಿ.

ಅಂದ ಹಾಗೆ, ಗಾಡಿ ತೋಟದೊಳಗೇ ಇರಲಿ. ನೋಂದಣಿ ಇಲ್ಲದೆ ಆಗುಂಬೆ ಘಾಟಿ ಇರಲಿ, ಊರ ರಸ್ತೆಗೂ ತರುವಂತಿಲ್ಲ.

ಬ್ರೇಕ್ ಲೈನಿನ ಏರ್ ತೆಗೆದಾದ ಮೇಲೆ ಪೆಡಲನ್ನು ಗಟ್ಟಿಯಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಒಳಗಿನ ಸೀಲ್ ಹೋಗಿದೆ. ಇಳಿಯದಿದ್ದರೆ ಸಮತಟ್ಟಾದ ಗದ್ದೆ ಬಯಲಲ್ಲಿ ನಿಧಾನಕ್ಕೆ ಓಡಿಸಿ, ಜೋರಾಗಿ ಬ್ರೇಕ್ ಹಾಕಿ. ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿ ಯಾವ ಚಕ್ರ ಮೊದಲು ಹಿಡಿಯುತ್ತದೆ ನೋಡಲು ಹೇಳಿ. ಮುಂದಿನದೇ ಮೊದಲು ಹಿಡಿಯಬೇಕು. ಹಿಂದಿನದು ಹಿಡಿದರೆ ಇಳಿಜಾರಿಗೆ ಹೋಗಬೇಡಿ, ಇಲ್ಲಿ ಬರೆಯಿರಿ.