ಡಿಜಿ (ಡೀಸೆಲ್ ಜನರೇಟರ್) ಆನ್ ಆದರೂ ಯುಪಿಎಸ್ ಬ್ಯಾಟರಿ ಬಿಡುತ್ತಿಲ್ಲ

ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ಡೇಟಾ ಸೆಂಟರ್. 60 ಕೆವಿಎ ಯುಪಿಎಸ್, 125 ಕೆವಿಎ ಡಿಜಿ. ಕರೆಂಟ್ ಹೋದಾಗ ಎಟಿಎಸ್ (ಮೇನ್ಸ್‌ನಿಂದ ಡಿಜಿಗೆ ತಾನೇ ಬದಲಿಸುವ ಸ್ವಿಚ್) ಸರಿಯಾಗೇ ಬದಲಾಗುತ್ತೆ. ಯುಪಿಎಸ್ ಮಾತ್ರ ಡಿಜಿಯನ್ನು ಒಂದು ಕ್ಷಣ ಹಿಡಿದು ಮತ್ತೆ ಬ್ಯಾಟರಿಗೆ ಹೋಗುತ್ತೆ. ಫ್ರೀಕ್ವೆನ್ಸಿ 50 ಹರ್ಟ್ಸ್ ಇದೆ, ವೋಲ್ಟೇಜ್ 415ರಿಂದ 460 ದಾಟುತ್ತೆ. ಡಿಜಿ ಚಿಕ್ಕದಾಯ್ತಾ?

ಉತ್ತರ 1: ಇಲ್ಲ ಸರ್, ಡಿಜಿ ಸಾಕು. ಎಪಿಎಫ್‌ಸಿ (ಪವರ್ ಫ್ಯಾಕ್ಟರನ್ನು ತಾನೇ ಸರಿಪಡಿಸುವ) ಪ್ಯಾನೆಲ್‌ನ ಕೆಪಾಸಿಟರ್‌ಗಳು ಡಿಜಿ ಓಡುವಾಗಲೂ ಲೈನ್‌ನಲ್ಲೇ ಉಳಿದಿವೆಯಾ ನೋಡಿ. ಲೋಡ್ ಕಡಿಮೆ ಇದ್ದು ಪವರ್ ಫ್ಯಾಕ್ಟರ್ ಲೀಡಿಂಗ್ ಆದರೆ (ಕರೆಂಟ್ ವೋಲ್ಟೇಜ್‌ಗಿಂತ ಮುಂದೆ ಓಡಿದರೆ) ಆ ಕರೆಂಟೇ ಆಲ್ಟರ್ನೇಟರ್‌ನ ಫೀಲ್ಡ್‌ಗೆ (ಕಾಂತಕ್ಷೇತ್ರಕ್ಕೆ) ಬಲ ಕೊಡುತ್ತೆ. ಎವಿಆರ್ (ಡಿಜಿಯ ವೋಲ್ಟೇಜ್ ನಿಯಂತ್ರಕ) ಎಕ್ಸೈಟೇಶನ್, ಅಂದರೆ ಫೀಲ್ಡ್ ಕರೆಂಟ್, ಎಷ್ಟು ಇಳಿಸಿದರೂ ವೋಲ್ಟೇಜ್ ಏರುತ್ತಲೇ ಇರುತ್ತೆ, ಯುಪಿಎಸ್ ಇನ್‌ಪುಟ್ ಬೇಡ ಅನ್ನುತ್ತೆ. ಎಟಿಎಸ್‌ನ ಡಿಜಿ ಕಡೆಯ ಎನ್‌ಸಿ (ಮಾಮೂಲಾಗಿ ಮುಚ್ಚಿದ್ದು, ಡಿಜಿ ಬಂದಾಗ ತೆರೆಯುವ) ಆಕ್ಸಿಲರಿ ಕಾಂಟ್ಯಾಕ್ಟನ್ನು ಕೆಪಾಸಿಟರ್ ಕಾಂಟ್ಯಾಕ್ಟರ್‌ಗಳ ಕಂಟ್ರೋಲ್ ಸಪ್ಲೈಗೆ ಸೀರೀಸ್‌ನಲ್ಲಿ ಹಾಕಿಸಿ. ಡಿಜಿ ಬಂದ ತಕ್ಷಣ ಅವೆಲ್ಲ ಬಿಡುತ್ತವೆ. ಪ್ಯಾನೆಲ್ ಐಸೊಲೇಟ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಇರುತ್ತೆ; ಡಿಸ್ಚಾರ್ಜ್ ಮಾಡಿ, ಮೀಟರ್ ಹಿಡಿದು ನೋಡದೆ ದಯವಿಟ್ಟು ಕೈ ಹಾಕಬೇಡಿ.

ಉತ್ತರ 2: ಸರಿ. ಹಳೆ ಥೈರಿಸ್ಟರ್ ಯುಪಿಎಸ್ ಆದರೆ ಅದರ ಇನ್‌ಪುಟ್ ಫಿಲ್ಟರ್‌ನಲ್ಲೂ ಕೆಪಾಸಿಟರ್ ಇರುತ್ತೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ವಾಕ್-ಇನ್ ಸಮಯ (ಯುಪಿಎಸ್ ತನ್ನ ಲೋಡನ್ನು ಡಿಜಿ ಮೇಲೆ ನಿಧಾನವಾಗಿ ಏರಿಸುವ ಅವಧಿ) 15 ಸೆಕೆಂಡ್ ಇಡಿ, ‘ಡಿಜಿ ಆನ್’ ಸಿಗ್ನಲ್ ಕೊಟ್ಟು ಬ್ಯಾಟರಿ ಚಾರ್ಜಿಂಗ್ ಕರೆಂಟ್ ಇಳಿಸಿ. ಟೆಸ್ಟ್ ಮಾಡುವಾಗ ಮೇನ್ಸ್ ಬ್ರೇಕರ್ ನಿಜವಾಗಿ ಆಫ್ ಮಾಡಿ. ಖಾಲಿ ಡಿಜಿ ಓಡಿಸಿದರೆ ಈ ತೊಂದರೆ ಕಾಣಿಸೋದೇ ಇಲ್ಲ.