ಸಂಶೋಧನಾ ಪ್ರಾಜೆಕ್ಟಿಗೆ ಗಾಡಿ ಕೊಡೋರು ಇಲ್ಲಿ ಕೇಳಿ

ಅಡ್ಮಿನ್: ಕಾಲೇಜು, ಸಂಶೋಧನಾ ಸಂಸ್ಥೆ, ಬ್ಯಾಟರಿ ಕಂಪನಿ ಜೊತೆ ಸೇರಿ ಮಾಡೋ ಪ್ರಾಜೆಕ್ಟ್ ಬಗ್ಗೆ ಏನೇ ಇದ್ರೂ ಈ ಪೋಸ್ಟಿನ ಕೆಳಗೇ ಹಾಕಿ. ಉತ್ತರ ಕೊಡೋರು ಪ್ರಾಜೆಕ್ಟ್ ಕೋಆರ್ಡಿನೇಟರ್ ಮೇಡಂ, ಇಂಥ ಒಪ್ಪಂದ ಬರೆಸೋದೇ ಅವರ ಕೆಲಸ. ಇನ್‌ಬಾಕ್ಸಿಗೆ ಹೋಗ್ಬೇಡಿ.

ದಾವಣಗೆರೆ, 3 ಗಾಡಿ: ನಮ್ಮಂಥ ಸಣ್ಣೋರನ್ನ ಸೇರಿಸ್ಕೊಳ್ತಾರಾ ಮೇಡಂ? ಏನೇನು ಕಾಗದ ಬೇಕು?

ಕೋಆರ್ಡಿನೇಟರ್: ಸೇರಿಸ್ಕೊಳ್ತಾರೆ. ಲೋಡ್ ಹೊತ್ತು ದಿನಾ ಓಡೋ ಗಾಡಿ ಅವರ ಲ್ಯಾಬಲ್ಲಿ ಇರಲ್ಲ. ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ; ಗೂಡ್ಸ್ ಆದ್ರೆ ಅದರಲ್ಲಿ ಉದ್ಯಮದ ಬಗೆ ಹೇಳೋ ಎನ್‌ಐಸಿ ಕೋಡ್ 49231), ಪ್ಯಾನ್, ಜಿಎಸ್‌ಟಿ ಇದ್ರೆ ಅದು, ಮೂರು ವರ್ಷದ ಐಟಿ ರಿಟರ್ನ್, ಗಾಡಿವಾರು ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್. ಇದಕ್ಕಿಂತ ಮುಖ್ಯ ಒಂದು ಪುಟದ ವಿವರ: ಯಾವ ಮಾಡೆಲ್, ಹೊಗೆ ನಿಯಮ ಬಿಎಸ್-4 ಅಥವಾ 6, ಯಾವ ರೂಟು, ತಿಂಗಳಿಗೆ ಎಷ್ಟು ಕಿಮೀ, ಹೋಗ್ತಾ ಎಷ್ಟು ಟನ್, ಬರ್ತಾ ಎಷ್ಟು. ಆ ಪುಟ ಹಿಡ್ಕೊಂಡು ಪ್ರಿನ್ಸಿಪಾಲ್ ಹತ್ರ ಹೋಗ್ಬೇಡಿ. ಸಾರಿಗೆ ಅಥವಾ ಮೆಕ್ಯಾನಿಕಲ್ ವಿಭಾಗದಲ್ಲಿ ಆ ವಿಷಯದ ಮೇಲೆ ಕೆಲಸ ಮಾಡೋ ಪ್ರೊಫೆಸರ್ ಹುಡುಕಿ. ಬೆಂಗಳೂರಿನ ಐಐಎಸ್ಸಿಯಲ್ಲಿ ಸಾರಿಗೆ ಸಂಶೋಧನೆಯ ಸಿಸ್ಟಪ್ ಕೇಂದ್ರ ಇದೆ, ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆ ಇದೆ.

ರಾಣೆಬೆನ್ನೂರು: 📢 ಶುಭ ಸುದ್ದಿ 📢 ಲಾರಿ ಮಾಲೀಕರಿಗೆ ಕೇಂದ್ರದಿಂದ 10 ಲಕ್ಷ ಸಂಶೋಧನಾ ಅನುದಾನ!! ಉದ್ಯಮ್ ನೋಂದಣಿಗೆ ಕೇವಲ 1,499 ಕಟ್ಟಿ, ಲಿಂಕ್ ಒತ್ತಿ, 10 ಗ್ರೂಪಿಗೆ ಕಳಿಸಿ

ಕೋಆರ್ಡಿನೇಟರ್: ಸುಳ್ಳು. ಉದ್ಯಮ್ ಸರ್ಕಾರಿ ಪೋರ್ಟಲಲ್ಲಿ ಪುಕ್ಕಟೆ. ಲಿಂಕ್ ತೆಗೀರಿ.

ಹುಬ್ಬಳ್ಳಿ, 14 ಲಾರಿ: ಮೇಡಂ, ಒಂದು ಸಂಸ್ಥೆಯವ್ರು ನಮ್ಮ ಆರು ಬಿಎಸ್-6 ಗಾಡಿಗೆ ಡೀಸೆಲ್ ಮೀಟರ್ ಕೂಡಸ್ತೀವಿ ಅಂದಾರ್ರಿ, ಪೈಪ್ ಕತ್ತರಿಸಿ ನಡುವ ಕೂಡಸೂದು. ಜೋಡಿ ಜಿಪಿಎಸ್, ಡ್ರೈವರ್ ಕಡೆ ಕ್ಯಾಮೆರಾ. ಡ್ರೈವರ್‌ಗೆ ಗಾಡಿ ಹೊಡಿಯೂದು ಕಲಿಸಿದ್ರ ಡೀಸೆಲ್ ಎಷ್ಟು ಉಳೀತೈತಿ ಅಂತ ಎಂಟು ತಿಂಗಳು ನೋಡ್ತಾರಂತ. ಎಂಒಯುದಾಗ (ಒಪ್ಪಂದದ ಕಾಗದ) 'ಡೇಟಾ ಎಲ್ಲಾ ಸಂಸ್ಥೆಯದು', 'ವಾಹನಕ್ಕೆ ಆಗುವ ಹಾನಿಗೆ ಪಾಲುದಾರರೇ ಹೊಣೆ' ಅಂತ ಬರದಾರ, ಪಾಲುದಾರರು ಅಂದ್ರ ನಾವು. ರೊಕ್ಕದ ಮಾತಿಗೆ 'ಪರಸ್ಪರ ಒಪ್ಪಿಗೆಯಂತೆ' ಅಂತಷ್ಟ. ಸೋಮವಾರ ಸಹಿ ಮಾಡ್ರಿ ಅನ್ನಾಕತ್ತಾರ. ಮಾಡ್ಲ್ಯೋ ಬ್ಯಾಡೋ?

ಕೋಆರ್ಡಿನೇಟರ್: ಸೋಮವಾರ ಸಹಿ ಮಾಡ್ಬೇಡಿ. ಒಂದೊಂದಾಗಿ ಹೇಳ್ತೀನಿ, ಉದ್ದ ಆಗತ್ತೆ.

ಮೊದಲು ಮೀಟರ್. ಕಾಮನ್ ರೈಲ್ (ಈಗಿನ ಡೀಸೆಲ್ ಗಾಡಿಯ) ಇಂಜಿನ್ನಿನ ಪಂಪು ಸುಡೋದಕ್ಕಿಂತ ಹೆಚ್ಚು ಡೀಸೆಲ್ ಎಳೆಯತ್ತೆ, ಮಿಕ್ಕಿದ್ದು ರಿಟರ್ನ್ ಪೈಪಲ್ಲಿ ವಾಪಸ್ ಟ್ಯಾಂಕಿಗೆ. ಸಪ್ಲೈ ಪೈಪಿಗೆ ಮಾತ್ರ ಮೀಟರ್ ಹಾಕಿದ್ರೆ ವಾಪಸ್ ಹೋಗಿದ್ದೂ ಸುಟ್ಟ ಲೆಕ್ಕಕ್ಕೆ ಬರತ್ತೆ. ಹಾಗಾಗಿ ಎರಡು ಮೀಟರ್ ಬೇಕು, ಎರಡರ ವ್ಯತ್ಯಾಸವೇ ಖರ್ಚು. ವಾಪಸ್ ಬರೋ ಡೀಸೆಲ್ ಬಿಸಿಯಾಗಿ ಹಿಗ್ಗಿರತ್ತೆ, ಉಷ್ಣಾಂಶ ಸರಿದೂಗಿಸದಿದ್ರೆ ಲೆಕ್ಕ ತಪ್ಪು. ಐಡಲ್‌ನಲ್ಲಂತೂ ಎರಡು ದೊಡ್ಡ ಅಂಕಿ ಕಳೆದು ಚಿಕ್ಕ ಅಂಕಿ ತೆಗೆಯೋದು, ತಪ್ಪು ಅಲ್ಲೇ ಜಾಸ್ತಿ. ಪೈಪ್ ಕತ್ತರಿಸಿದ ಕಡೆ ಇನ್ನೊಂದು ಕಾಟ: ಟ್ಯಾಂಕಿಂದ ಪಂಪಿನವರೆಗೆ ಎಳೆತ ಇರೋದ್ರಿಂದ ಜಾಯಿಂಟ್ ಸಡಿಲಾದ್ರೆ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗತ್ತೆ. ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಏರುದಾರಿಯಲ್ಲಿ ಪಿಕಪ್ ಬೀಳತ್ತೆ, ಮೆಕ್ಯಾನಿಕ್ಕು ಇಂಜೆಕ್ಟರ್ ಮೇಲೆ ತಪ್ಪು ಹೊರಿಸ್ತಾನೆ. ವಾರಂಟಿ ಕೇಳೋಕೆ ಹೋದ್ರೆ ಕತ್ತರಿಸಿದ ಪೈಪನ್ನೇ ತೋರಿಸ್ತಾರೆ.

ನಿಮ್ಮ ಗಾಡಿ ಬಿಎಸ್-6. ಇಂಜಿನ್ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಸಾಮಾನ್ಯವಾಗಿ ಡೀಸೆಲ್ ಲೆಕ್ಕವನ್ನ ಕ್ಯಾನ್ ವೈರಿನಲ್ಲಿ (ಗಾಡಿಯ ಕಂಪ್ಯೂಟರ್‌ಗಳು ಮಾತಾಡೋ ವೈರ್) ತಾನೇ ಹೇಳ್ತಿರತ್ತೆ. ಆ ವೈರಿನ ಜೆ1939 ಅನ್ನೋ ಭಾಷೆಯಲ್ಲಿ 65266ನೇ ಸಂದೇಶ ಗಂಟೆಗೆ ಎಷ್ಟು ಲೀಟರ್, 65257 ಒಟ್ಟು ಎಷ್ಟು. ವೈರ್ ಸುಲಿಯದೆ ಮೇಲೆ ಕ್ಲಿಪ್ ಹಾಕೋ ರೀಡರ್ ಸಿಗತ್ತೆ, ಅದನ್ನೇ ಹಾಕಿ ಅನ್ನಿ. ಇಸಿಯು ಹೇಳೋದು ಅಂದಾಜು, ನಾಲ್ಕಾರು ಪರ್ಸೆಂಟ್ ಆಚೀಚೆ ಇರಬಹುದು. ಅದಕ್ಕೆ ಒಂದೇ ಬಂಕ್, ಒಂದೇ ಪಂಪು, ಗಾಡಿ ಒಂದೇ ಜಾಗದಲ್ಲಿ ಸಮನಾಗಿ ನಿಲ್ಲಿಸಿ, ಐದಾರು ಸಲ ಫುಲ್ ಟ್ಯಾಂಕ್ ಮಾಡಿ ತಾಳೆ ನೋಡಬೇಕು.

ಕರೆಂಟು: ಅವರು ಕೂಡಿಸೋ ಜಿಪಿಎಸ್, ರೀಡರ್ ಡಬ್ಬಿ ನೇರ ಬ್ಯಾಟರಿಗೆ ಕೂತು 100 ಮಿಲಿಆಂಪ್ ಎಳೆದ್ರೆ ದಿನಕ್ಕೆ 2.4 ಆಂಪ್ ಅವರ್. ಹಬ್ಬಕ್ಕೆ ಗಾಡಿ 15 ದಿನ ನಿಂತ್ರೆ 36, ಬ್ಯಾಟರಿ ಅಷ್ಟು ಇಳಿದಿರತ್ತೆ. ಇಗ್ನಿಷನ್ ಆಫ್ ಆದಾಗ ಎಷ್ಟು ಎಳೆಯತ್ತೆ ಅಂತ ಬರೆಸ್ಕೊಳ್ಳಿ, ಫ್ಯೂಸ್ ಬ್ಯಾಟರಿ ಬುಡದಲ್ಲೇ ಇರಲಿ.

ಇನ್ನು ಆರೂ ಗಾಡಿಯ ಡ್ರೈವರಿಗೆ ಒಟ್ಟಿಗೆ ಕಲಿಸಿದ್ರೆ ಯಾವುದಕ್ಕೆ ಹೋಲಿಸ್ತಾರೆ? ನಾಲ್ಕಕ್ಕೆ ಕಲಿಸಲಿ, ಎರಡು ಇದ್ದ ಹಾಗೇ ಅದೇ ರೂಟಲ್ಲಿ ಓಡಲಿ. ಶುರುವಿಗೆ ಆರು ವಾರ ಏನೂ ಬದಲಾಯಿಸದೆ ಬರೀ ಅಳೀಬೇಕು. ಪ್ರತಿ ಟ್ರಿಪ್ಪಿಗೂ ತೂಕದ ಚೀಟಿ. ಇಲ್ಲಾಂದ್ರೆ ಮಳೆಗಾಲದ ಖಾಲಿ ಗಾಡಿಯನ್ನ ಸುಗ್ಗಿಯ ತುಂಬಿದ ಗಾಡಿಗೆ ಹೋಲಿಸ್ತಾರೆ. ಅವರಿಗೆ ಸಂಶೋಧನಾ ಪೇಪರ್ ಬರತ್ತೆ, ನಿಮಗೆ ಏನೂ ಗೊತ್ತಾಗಲ್ಲ.

ಕ್ಯಾಮೆರಾ, ಎಂಒಯು ಆಮೇಲೆ ಬರೀತೀನಿ.

ಕೋಲಾರ: ಪಿಎಂ ಇ-ಡ್ರೈವ್ ಅಂದ್ರೆ ಇದೇನಾ ಮೇಡಂ?

ಕೋಆರ್ಡಿನೇಟರ್: ಅಲ್ಲ. ಅದು ಎಲೆಕ್ಟ್ರಿಕ್ ಗಾಡಿ ಕೊಳ್ಳೋಕೆ ಸಬ್ಸಿಡಿ. ಲಾರಿಗೆ ಗರಿಷ್ಠ 9.6 ಲಕ್ಷ, ಹಳೇ ಲಾರಿ ಸ್ಕ್ರ್ಯಾಪ್ ಮಾಡಿದ ಸರ್ಟಿಫಿಕೇಟ್ ಬೇಕು. ಸಂಶೋಧನೆಗೂ ಅದಕ್ಕೂ ಸಂಬಂಧ ಇಲ್ಲ.

ಐಂಡ್‌ಹೋವನ್‌ನಿಂದ: ನಾನು ನೆದರ್ಲೆಂಡ್ಸ್‌ನಲ್ಲಿದೀನಿ. ಇಲ್ಲಿ ಐರೋಪ್ಯ ಒಕ್ಕೂಟದ ಅನುದಾನ ಯೋಜನೆ ಹೊರೈಜನ್ ಯುರೋಪ್‌ನಲ್ಲಿ ಸಣ್ಣ ಕಂಪನಿಗೂ ಸಂಶೋಧನಾ ಪ್ರಾಜೆಕ್ಟಿನ ಖರ್ಚು ಪೂರ್ತಿ ಸಿಗುತ್ತೆ, ಮೇಲೆ 25% ಓವರ್‌ಹೆಡ್ (ಕಚೇರಿ ಖರ್ಚು). ನೀವೂ ಅಪ್ಲೈ ಮಾಡ್ಬೋದಲ್ವಾ?

ಕೋಆರ್ಡಿನೇಟರ್: ಸೇರ್ಬಹುದು, ಆದ್ರೆ ತಾನಾಗೇ ಹಣ ಸಿಗೋ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ.

ಮಂಗಳೂರು, ಸಿಟಿ ಬಸ್: ಅಲ್ಲಿ ಕೂತು ಹೇಳ್ಲಿಕ್ಕೆ ಸುಲಭ ಮಾರಾಯ್ರೆ. ಇಲ್ಲಿ ಬಸ್ಸು ಒಂದು ದಿನ ನಿಂತ್ರೆ ಆ ದಿನದ ಕಲೆಕ್ಷನ್ ಯಾರು ಕೊಡ್ತಾರೆ?

ಐಂಡ್‌ಹೋವನ್‌ನಿಂದ: ಗೊತ್ತಿರೋದು ಹೇಳಿದೆ ಅಷ್ಟೇ.

ಮಂಗಳೂರು, ಸಿಟಿ ಬಸ್: ಕೇಳಿದ್ದು ಯಾರು? ಮೇಡಂ, ಬಸ್ಸಲ್ಲಿ ಎಐಎಸ್-140 (ಸರ್ಕಾರ ಕಡ್ಡಾಯ ಮಾಡಿದ ಜಿಪಿಎಸ್ ಡಬ್ಬಿ) ಉಂಟಲ್ಲ, ಅದರ ಡೇಟಾವೇ ಕೊಟ್ರೆ ಸಾಕಲ್ಲ?

ಕೋಆರ್ಡಿನೇಟರ್: ಜಾಗ, ವೇಗ ಸಿಗತ್ತೆ, ಡೀಸೆಲ್ ಸಿಗಲ್ಲ. ಆ ಡಬ್ಬಿಯ ವೈರಿಂಗ್ ಮಾತ್ರ ಯಾರಿಗೂ ಮುಟ್ಟೋಕೆ ಬಿಡ್ಬೇಡಿ, ಪ್ಯಾನಿಕ್ ಬಟನ್ ಕೆಲಸ ನಿಲ್ಲಿಸಿದ್ರೆ ಎಫ್‌ಸಿಗೆ ತೊಂದರೆ.

ಮೈಸೂರು, ಇ-ಆಟೋ: ಬ್ಯಾಟರಿ ಸ್ವಾಪ್ ಪೈಲಟ್‌ಗೆ (ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದು ಹಾಕ್ಕೊಳ್ಳೋ ಪ್ರಯೋಗ) 5 ಆಟೋ ಕೇಳ್ತಿದ್ದಾರೆ, ಬ್ಯಾಟರಿ ಹಾಳಾದ್ರೆ ಯಾರ ತಲೆಗೆ?

ಡ್ರೈವರ್, ಶಿಗ್ಗಾಂವಿ: ಎಲ್ಲಾರೂ ಗಾಡಿ ಗಾಡಿ ಅಂತೀರಿ. ದಿನಪೂರ್ತಿ ಮಾರಿ ಮುಂದ ಕ್ಯಾಮೆರಾ ಇಟ್ಕೊಂಡು ಹೊಡ್ಯಾವ್ರು ನಾವು. ನಮ್ಮನ್ನ ಯಾರರ ಕೇಳ್ಯಾರೇನು?

ದಾವಣಗೆರೆ, 3 ಗಾಡಿ: ಡೀಸೆಲ್ ಕದಿಯದಿದ್ರೆ ಕ್ಯಾಮೆರಾಗೆ ಯಾಕೆ ಹೆದ್ರಬೇಕು?

ಡ್ರೈವರ್, ಶಿಗ್ಗಾಂವಿ: ಮಾತು ನೆಟ್ಟಗ ಇರ್ಲಿ. ಓವರ್‌ಲೋಡ್ ಹೇರಿಸೋದು ಯಾರು, ಅದೂ ಕ್ಯಾಮೆರಾದಾಗ ಬರ್ಲಿ.

ದಾವಣಗೆರೆ, 3 ಗಾಡಿ: ಅಡ್ಮಿನ್, ಇದು ಮಾಲೀಕರ ಗ್ರೂಪಲ್ವಾ? ಇವರನ್ನ ಯಾರು ಸೇರಿಸಿದ್ದು?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಕೋಆರ್ಡಿನೇಟರ್: ಡ್ರೈವರಣ್ಣ ಕೇಳಿದ್ದೇ ಸರಿಯಾದ ಪ್ರಶ್ನೆ. ಗಾಡಿ ಯಾರದ್ದೇ ಇರಲಿ, ಆ ಮುಖ, ಆ ಓಡಾಟ ಡ್ರೈವರಿನ ವೈಯಕ್ತಿಕ ಡೇಟಾ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ, ಸಂಸ್ಥೆಯವರು ಅದನ್ನೇ ತೋರಿಸ್ತಾರೆ. ಆದ್ರೆ ಆ ಡೇಟಾ ಇಟ್ಕೊಂಡು ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನ ತಗೊಳ್ಳಬಾರದು ಅನ್ನೋದು ಅದರ ಒಂದು ಷರತ್ತು. ಹುಬ್ಬಳ್ಳಿಯವರು ಅದೇ ವಿಡಿಯೋ ನೋಡಿ ಯಾರದೋ ಬತ್ತಾ ಕತ್ತರಿಸಿದ ದಿನ ವಿನಾಯಿತಿ ಮುಗೀತು. ಆದ್ದರಿಂದ ಮಾಲೀಕರ ಕೈಗೆ ಹೆಸರಿಲ್ಲದ ಸರಾಸರಿ ಮಾತ್ರ ಬರಲಿ. ಕನ್ನಡದಲ್ಲೇ ಒಪ್ಪಿಗೆ ಪತ್ರ ಮಾಡಿಸಿ, ಓದಿ ಹೇಳಿ, ಬೇಡ ಅಂದವನ ಗಾಡಿ ಬಿಟ್ಟು ಬೇರೆ ಗಾಡಿ ಕೊಡಿ. ಗಾಡಿ ನಿಲ್ಲಿಸಿ ಮಲಗೋವಾಗ ಕ್ಯಾಮೆರಾ ಆಫ್ ಆಗಬೇಕು.

ಎಂಒಯು. 'ಪರಸ್ಪರ ಒಪ್ಪಿಗೆಯಂತೆ' ಅಂದ್ರೆ ಸೊನ್ನೆ ರೂಪಾಯಿ. ಗಾಡಿ ನಿಂತ ದಿನದ ಲೆಕ್ಕ ನೀವೇ ಹಾಕಿ ಕೊಡಿ. ಉದಾಹರಣೆಗೆ ತಿಂಗಳಿಗೆ ಇಎಂಐ 58,000, ಇನ್ಶೂರೆನ್ಸ್-ಟ್ಯಾಕ್ಸ್-ಪರ್ಮಿಟ್ ಪಾಲು 15,000, ಡ್ರೈವರ್ 24,000. ಒಟ್ಟು 97,000. ತಿಂಗಳಲ್ಲಿ 24 ದಿನ ಓಡೋ ಗಾಡಿಯಾದ್ರೆ ದಿನಕ್ಕೆ ಸುಮಾರು 4,040. ಡಬ್ಬಿ ಹಾಕೋಕೆ, ಸರಿ ಮಾಡೋಕೆ, ಬಿಚ್ಚೋಕೆ ನಿಲ್ಲೋ ಪ್ರತಿ ದಿನಕ್ಕೂ ಅಷ್ಟು ಅಂತ ಅಂಕಿಯಲ್ಲೇ ಬರೀರಿ. ಅನುದಾನ ಬಂದ್ಮೇಲೆ ಕೊಡ್ತೀವಿ ಅಂದ್ರೆ ಒಪ್ಪಬೇಡಿ, ಸರ್ಕಾರಿ ಕಂತು ಹಿಂದಿನ ಹಣದ ಬಳಕೆ ಪ್ರಮಾಣಪತ್ರ ಹೋದ ಮೇಲೇ ಬರೋದು, ತಿಂಗಳುಗಟ್ಟಲೆ ತಡ. ಹಾನಿಯ ಸಾಲು ಹೊಡೆದು ಹಾಕಿಸಿ: 'ಸಂಸ್ಥೆ ಅಳವಡಿಸಿದ ಉಪಕರಣದಿಂದ ಆದ ಹಾನಿಗೆ ಸಂಸ್ಥೆಯೇ ಹೊಣೆ.' ಡೇಟಾ ಸಾಲಿಗೆ ಸೇರಿಸಿ: 'ಪಾಲುದಾರರ ವಾಹನಗಳ ಅಳತೆಯ ಪ್ರತಿಯನ್ನು, ಚಾಲಕರ ಗುರುತು ತೆಗೆದು, ಪ್ರತಿ ತಿಂಗಳು ನೀಡತಕ್ಕದ್ದು. ಗ್ರಾಹಕರ ಹೆಸರು, ಬಾಡಿಗೆ ದರ ಪ್ರಕಟಿಸತಕ್ಕದ್ದಲ್ಲ.' ಡಬ್ಬಿ ಹಾಕಿಸ್ತೀವಿ ಅಂತ ಇನ್ಶೂರೆನ್ಸ್ ಕಂಪನಿಗೆ ಮೊದಲೇ ಪತ್ರ ಬರೆದು ಸ್ವೀಕೃತಿ ತಗೊಳ್ಳಿ.

ತುಮಕೂರು: ಸಂಸ್ಥೆ ಕೊಡೋ ಹಣದಲ್ಲಿ ಟಿಡಿಎಸ್ (ಕೊಡುವಾಗಲೇ ಹಿಡಿಯೋ ಆದಾಯ ತೆರಿಗೆ) ಹಿಡೀತಾರಾ? ಹತ್ತು ಗಾಡಿ ಒಳಗಿದ್ರೆ ಇಲ್ಲ ಅಂತಾರೆ.

ಕೋಆರ್ಡಿನೇಟರ್: ಆ ವಿನಾಯಿತಿ ಬಾಡಿಗೆ ಹಣಕ್ಕೆ, ಪ್ಯಾನ್ ಜೊತೆ ಡಿಕ್ಲರೇಷನ್ ಕೊಟ್ರೆ. ಡೇಟಾ ಕೊಟ್ಟಿದ್ದಕ್ಕೆ ಬರೋ ಹಣ ಬೇರೆ. ಆಡಿಟರ್ ಕೇಳಿ.

ಕೋಲಾರ: ಇ-ಡ್ರೈವ್‌ಗೆ ಅರ್ಜಿ ಎಲ್ಲಿ ಹಾಕೋದು?

ಕೋಆರ್ಡಿನೇಟರ್: ಮೇಲೇ ಹೇಳಿದ್ನಲ್ಲ, ಅದಕ್ಕೂ ಈ ಪೋಸ್ಟಿಗೂ ಸಂಬಂಧ ಇಲ್ಲ.

ರಾಣೆಬೆನ್ನೂರು: ಮೇಡಂ, ಇದು ಬೇರೆದು, ಸುಳ್ಳಲ್ಲ: 100 ರೂಪಾಯಿ ಬಾಂಡ್ ಮೇಲೆ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನೋ ಪತ್ರ) ಬರೆಸಿದ್ರೆ ಇನ್ಶೂರೆನ್ಸ್‌ಗೆ ಹೇಳೋದೇ ಬೇಡ, ವಕೀಲರೇ ಕಳಿಸಿದ್ದು

ಕೋಆರ್ಡಿನೇಟರ್: ಯಾವ ವಕೀಲರು? ಆ ಬಾಂಡು ನಿಮ್ಮಿಬ್ಬರ ನಡುವಿನದು, ವಿಮೆ ಕಂಪನಿ ಅದರಲ್ಲಿ ಸಹಿ ಮಾಡಿಲ್ಲ. ಶಾರ್ಟ್ ಸರ್ಕ್ಯೂಟ್ ಆಗಿ ಕ್ಯಾಬಿನ್ ಸುಟ್ಟ ದಿನ ಸರ್ವೇಯರ್ ಮೊದಲು ನೋಡೋದೇ ಹೆಚ್ಚುವರಿ ವೈರಿಂಗು. ಫಾರ್ವರ್ಡ್ ಹಾಕೋಕೆ ಮುಂಚೆ ಒಂದ್ಸಲ ಯೋಚಿಸಿ, ಇದು ಎರಡನೇದು.

ರಾಣೆಬೆನ್ನೂರು: ಒಳ್ಳೇದಕ್ಕೆ ಹಾಕಿದ್ರೆ ಬೈತೀರಿ. ಆಯ್ತು ಬಿಡಿ.

ಮೈಸೂರು, ಇ-ಆಟೋ: ನನ್ನ ಪ್ರಶ್ನೆ?

ಹುಬ್ಬಳ್ಳಿ, 14 ಲಾರಿ: ಫೋನ್ ಮಾಡಿದ್ದೆ ಮೇಡಂ. ಕ್ಲಿಪ್ ರೀಡರ್‌ಗೆ ಹ್ಞೂಂ ಅಂದ್ರು. ನಿಂತ ದಿನಕ್ಕ 1,500 ಅಂತಾರ. ಲೆಟರ್ ಆಫ್ ಸಪೋರ್ಟ್‌ನಾಗ (ಪ್ರಾಜೆಕ್ಟಿಗೆ ನಮ್ಮ ಬೆಂಬಲ ಐತಿ ಅನ್ನೋ ಪತ್ರ) 'ನಮ್ಮ ಪಾಲು 12 ಲಕ್ಷ' ಅಂತ ಬರದು ಕೊಡ್ರಿ, ಪ್ರಪೋಸಲ್‌ಗೆ ಚಲೋ ಕಾಣ್ತೈತಿ ಅಂದ್ರು.

ಕೋಆರ್ಡಿನೇಟರ್: 12 ಲಕ್ಷ ಬರೀಬೇಡಿ. ಆಡಿಟ್ ಬಂದಾಗ ಆ ಅಂಕಿಗೆ ಲಾಗ್ ಶೀಟು, ಡ್ರೈವರ್ ಸಂಬಳದ ಚೀಟಿ ಕೇಳೋದು ನಿಮ್ಮನ್ನ. 'ಆರು ವಾಹನ, ಎಂಟು ತಿಂಗಳು, ನಿಗದಿತ ರೂಟಿನಲ್ಲಿ ಲಭ್ಯ' ಅಂತಷ್ಟೇ ಕೊಡಿ. 1,500 ಸಾಲಲ್ಲ, 4,040ರ ಲೆಕ್ಕದ ಚೀಟಿ ಕಳಿಸಿ. ಕೆಲಸ ಭಾನುವಾರ ನಿಮ್ಮ ಯಾರ್ಡಲ್ಲೇ ಮಾಡ್ತಾರೆ ಅಂದ್ರೆ 2,500ಕ್ಕೆ ಇಳೀಬಹುದು.

ಹುಬ್ಬಳ್ಳಿ, 14 ಲಾರಿ: ಮುಗದ ಮ್ಯಾಲೆ ಡಬ್ಬಿ ಬಿಚ್ಚೋರು ಯಾರ್ರಿ?

ಕೋಆರ್ಡಿನೇಟರ್: ಅವರೇ, ಅವರ ಖರ್ಚಲ್ಲಿ, 15 ದಿನದೊಳಗೆ ಅಂತ ಬರೆಸಿ. ಹಾಕೋ ಮುಂಚೆ ವೈರಿಂಗಿನ ಫೋಟೋ ತೆಗೆದಿಡಿ, ಬಿಚ್ಚಿದ ಮೇಲೆ ಅದರ ಜೊತೆ ಹೋಲಿಸಿ ನೋಡಿ, ಆಮೇಲೆ ಸಹಿ ಹಾಕಿ. ಡಬ್ಬಿಯ ಸಿಮ್ ಸಂಸ್ಥೆಯವರ ಹೆಸರಲ್ಲೇ ಇರಲಿ.