ಹೊಳೆ ದಂಡೆಯ ಜಲ್ಲಿ ದಾರಿ: ಟೈರ್‌ಗೆ ಎಷ್ಟು ಗಾಳಿ ಹಾಕ್ತೀರಿ?

ಪ್ರಶ್ನೆ:
ವಾರಕ್ಕೊಮ್ಮೆ ಹೊಳೆ ಪಕ್ಕದ ಕಣಿವೆ ದಾರಿಯಲ್ಲಿ ಗ್ರಾವೆಲ್ ಬೈಕ್ (ಜಲ್ಲಿ, ಮಣ್ಣು ದಾರಿಗೆ ಅಂತ ಮಾಡಿದ ಸೈಕಲ್) ಓಡಿಸ್ತೀನಿ. ಟೈರ್ 40 ಎಂಎಂ ಅಗಲ, ಒಳಗೆ ಟ್ಯೂಬ್ ಇದೆ, ಗಾಳಿ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ನನ್ನ ತೂಕ 72 ಕೆಜಿ. ಸಡಿಲ ಜಲ್ಲಿ ಬಂದ ಕೂಡಲೇ ಮುಂದಿನ ಚಕ್ರ ಜಾರುತ್ತೆ. ಮನೆಗೆ ಬರೋಷ್ಟರಲ್ಲಿ ಅಂಗೈ ಜೋಮು ಹಿಡಿದಿರುತ್ತೆ. ಟೈರ್ ಬದಲಿಸಬೇಕಾ?

ಉತ್ತರ 1:
ಟೈರ್ ಬದಲಿಸಬೇಡಿ, ಗಾಳಿ ಇಳಿಸಿ. 60ರಲ್ಲಿ ಟೈರ್ ಕಲ್ಲಿನ ಮೇಲೆ ಪುಟಿಯುತ್ತೆ, ನೆಲ ಹಿಡಿಯೋದೇ ಇಲ್ಲ. ಮುಂದೆ 37, ಹಿಂದೆ 40 ಹಾಕಿ ನೋಡಿ. ಹಿಂದಿನ ಚಕ್ರಕ್ಕೆ ಭಾರ ಹೆಚ್ಚು, ಅದಕ್ಕೇ ಈ ವ್ಯತ್ಯಾಸ. ಟ್ಯೂಬ್ ಇರೋವರೆಗೆ ಇನ್ನೂ ತೀರಾ ಇಳಿಸಬೇಡಿ. ಕಲ್ಲಿಗೂ ರಿಮ್‌ಗೂ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ನಾನು ಹಾಗೇ ಆಗಿ 9 ಕಿಮೀ ಸೈಕಲ್ ತಳ್ಳಿದ್ದೀನಿ, ಕತ್ತಲಾಗಿತ್ತು. ಆಮೇಲೆ ಟ್ಯೂಬ್‌ಲೆಸ್ ಮಾಡಿಸಿ ಸೀಲೆಂಟ್ (ಸಣ್ಣ ತೂತು ತಾನೇ ಮುಚ್ಚೋ ದ್ರವ) ಹಾಕಿಸಿದೆ. ಈಗ 30ರ ಆಸುಪಾಸಲ್ಲೇ ಓಡಿಸ್ತೀನಿ.

ಉತ್ತರ 2:
ಮೊಣಕೈ ಸ್ವಲ್ಪ ಮಡಚಿ, ಹ್ಯಾಂಡಲ್ ಹಗುರಾಗಿ ಹಿಡೀರಿ. ಜಲ್ಲಿಗೆ ಇಳಿಯೋ ಮೊದಲೇ ವೇಗ ಕಡಿಮೆ ಮಾಡಿ, ತಿರುವಿನ ನಡುವೆ ಮುಂದಿನ ಬ್ರೇಕ್ ಒತ್ತಬೇಡಿ. ನೀರು ಇಳಿದ ಜಾಗದ ಮೆಕ್ಕಲು ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತೆ, ಜೋಪಾನ.

ಪ್ರಶ್ನೆ ಕೇಳಿದವರು:
ಇವತ್ತು 37, 40 ಹಾಕಿ ಹೋಗಿಬಂದೆ. ಅದೇ ದಾರಿ, ಅದೇ ಜಲ್ಲಿ, ಒಂದು ಸಲವೂ ಜಾರಲಿಲ್ಲ! ಟ್ಯೂಬ್‌ಲೆಸ್‌ಗೆ ನನ್ನ ರಿಮ್ ಆಗುತ್ತಾ ಅಂತ ನೋಡ್ತೀನಿ.